ಮೆತೋದಿ ಕಾರು ಕತ್ತರಿಸಿದ್ದು

ಮೆತೋದಿಯ ಹಳೇ ಕಾರು ಅಪಾರ್ಟ್‌ಮೆಂಟಿನ ಅಂಗಳದಲ್ಲಿ ನಿಂತು ವರ್ಷಗಳೇ ಕಳೆದಿದ್ದವು. ಮೊದಲ ಚಳಿಗಾಲದಲ್ಲಿ ಇಂಜಿನ್ ಕಳುವಾಯಿತು, ಆಮೇಲೆ ಸೀಟು, ಆಮೇಲೆ ಪೆಟ್ರೋಲ್ ಟ್ಯಾಂಕು. ಉಳಿದ ತಗಡಿನ ಗೂಡನ್ನು ಕಳ್ಳರೂ ಮೂಸಿ ನೋಡುತ್ತಿರಲಿಲ್ಲ. ಈಗ ಮಗಳ ಕೈಹಿಡಿಯಲಿರುವ ಹುಡುಗನ ಅಪ್ಪ ಅಮ್ಮ ಮರುದಿನ ಮೊದಲ ಸಲ ಮನೆಗೆ ಬರುವವರಿದ್ದರು.

"ಬೀಗರ ಕಣ್ಣಿಗೆ ಆ ಹೆಣ ಬೀಳಕೂಡದು," ಎಂದಳು ಹೆಂಡತಿ ರಾಯ್ನ. "ನಿನ್ನ ಕೈಲಿ ಆಗಲ್ಲ ಅಂತ ಗೊತ್ತು. ನಾನೇ ಏನಾದ್ರೂ ಮಾಡ್ತೀನಿ." ಹೇಳಿದವಳೇ ಕೈಚೀಲ ಹೆಗಲಿಗೇರಿಸಿ ಹೊರಟುಹೋದಳು.

ಆ "ಆಗಲ್ಲ" ಎಂಬ ಮಾತು ಮೆತೋದಿಯ ಎದೆಗೆ ನಾಟಿತು. ಕಾರನ್ನು ಸಣ್ಣ ಸಣ್ಣ ತುಂಡು ಮಾಡಿಕೊಟ್ಟರೆ ಒಯ್ಯುತ್ತೇನೆಂದು ಗುಜರಿಯವನು ಹೇಳಿದ್ದ. ರೈಲ್ವೆ ಕೌಂಟರಿನಲ್ಲಿ ಕೂರುವ ಮೆತೋದಿ ಜೀವಮಾನದಲ್ಲಿ ಹರಿದದ್ದು ಟಿಕೆಟ್ ಮಾತ್ರ. ಆದರೂ ವರ್ಕ್‌ಶಾಪಿನ ಗೆಳೆಯನೊಬ್ಬ ಅವನಿಗೆ ಗ್ಯಾಸ್ ಕಟ್ಟರ್ ಹಿಡಿಯುವುದನ್ನು ಒಂದು ಸಂಜೆ ತೋರಿಸಿಕೊಟ್ಟಿದ್ದ. ಅವನಿಂದಲೇ ಕಟ್ಟರು, ಎರಡು ಸಿಲಿಂಡರು, ಕಪ್ಪು ಕನ್ನಡಕ, ಮೊಣಕೈಮಟ್ಟದ ಚರ್ಮದ ಕೈಗವಸು ತಂದು ಮೆತೋದಿ ಅಂಗಳಕ್ಕಿಳಿದ.

ಅಂಗಳದ ಇನ್ನೊಂದು ಮೂಲೆಯಲ್ಲಿ ಸ್ತಾಂಕಜ್ಜಿ ಸುಟ್ಟ ಕೆಂಪು ಮೆಣಸಿನಕಾಯಿಯ ಚಟ್ನಿಯನ್ನು ಕೊಪ್ಪರಿಗೆಯಲ್ಲಿ ಕುದಿಸುತ್ತಿದ್ದಳು. ಇಡೀ ಚಳಿಗಾಲಕ್ಕಾಗುವಷ್ಟು ಚಟ್ನಿ. ಪಕ್ಕದಲ್ಲಿ ಕುರ್ಚಿ ಹಾಕಿ ಕೂತಿದ್ದವನು ನಿವೃತ್ತ ಹವಾಲ್ದಾರ ಗಾಂಚೊ. ಕೆಲಸ ಬಿಟ್ಟರೂ ಅಪ್ಪಣೆ ಕೊಡುವುದನ್ನು ಬಿಟ್ಟಿರಲಿಲ್ಲ.

"ಏನೋ ಅದು, ಬಾಂಬಾ?"

"ಗ್ಯಾಸ್ ಕಟ್ಟರ್, ಗಾಂಚೊ ಅಣ್ಣ. ನಾನು ಕಲ್ತಿದೀನಿ."

ಮೊದಲು ಅಸಿಟಿಲೀನ್ ಗ್ಯಾಸ್ ಬಿಡಬೇಕು, ಹಚ್ಚಬೇಕು. ಅಷ್ಟು ನೆನಪಿತ್ತು. ಹಳದಿ ಜ್ವಾಲೆ ಭುಗ್ಗನೆದ್ದಿತು. ಮುಂದೇನು? ಮೆತೋದಿ ಆಕಾಶ ನೋಡುತ್ತ ಯೋಚಿಸತೊಡಗಿದ. ಅಷ್ಟರಲ್ಲಿ ಜ್ವಾಲೆಯ ತುದಿಯಿಂದ ಕಪ್ಪು ಮಸಿ ಎಳೆಎಳೆಯಾಗಿ ಹಾರಿ, ನೆಂಟರ ಮನೆ ಹುಡುಕುವಂತೆ ಅಂಗಳವೆಲ್ಲ ಸುತ್ತಾಡಿ, ಕಡೆಗೆ ಕೊಪ್ಪರಿಗೆಯಲ್ಲಿಳಿಯಿತು.

"ಅಯ್ಯೋ ನಿನ್ನ ಕೈ ಸೇದಿಹೋಗ! ನನ್ನ ಚಟ್ನಿ!" ಅಜ್ಜಿ ಸೌಟು ಎತ್ತಿದಳು.

"ಆಕ್ಸಿಜನ್ ಬಿಡೋ, ಆಕ್ಸಿಜನ್!" ಗಾಂಚೊ ಗುಡುಗಿದ. ಅವನಿಗೂ ಅದರ ಗಂಧಗಾಳಿ ಇರಲಿಲ್ಲ. ಸಿಲಿಂಡರಿನ ಮೇಲೆ ಬರೆದದ್ದನ್ನು ಓದಿದ್ದ ಅಷ್ಟೆ.

ಗಾಬರಿಯಲ್ಲಿ ಮೆತೋದಿ ವಾಲ್ವನ್ನು ಪೂರ್ತಿ ತಿರುಗಿಸಿದ. 'ಢಬ್!' ಎಂದು ಸಿಡಿದು ಜ್ವಾಲೆ ಆರಿತು. ಮಹಡಿ ಮಹಡಿಯ ಕಿಟಕಿಗಳು ತೆರೆದುಕೊಂಡವು. ಗಾಂಚೊ ಹಳೇ ಅಭ್ಯಾಸಬಲದಿಂದ ನೆಲಕ್ಕೆ ಬೋರಲು ಬಿದ್ದಿದ್ದ. ಎದ್ದು ಕೋಟು ಕೊಡವಿಕೊಂಡು, "ಕೋಟಿನ ಗುಂಡಿ ಬಿದ್ದಿತ್ತು, ಹುಡುಕ್ತಿದ್ದೆ," ಎಂದ.

ಹಚ್ಚು, ಢಬ್. ಹಚ್ಚು, ಢಬ್. ಹೀಗೇ ಬಹಳ ಹೊತ್ತು ನಡೆಯಿತು. ಕಿಟಕಿಗಳಲ್ಲಿದ್ದವರು ಪ್ರತಿ 'ಢಬ್'ಗೂ ಚಪ್ಪಾಳೆ ತಟ್ಟತೊಡಗಿದರು. ಕಡೆಗೊಮ್ಮೆ ಜ್ವಾಲೆ ಹಠ ಬಿಟ್ಟು, ಸಣ್ಣಗೆ ನೀಲಿಯಾಗಿ ಸುಂಯ್‌ಗುಟ್ಟಿತು. ಮೆತೋದಿ ಉಸಿರು ಬಿಗಿಹಿಡಿದು ಅದನ್ನು ಕಾರಿನ ಚಾವಣಿಗೆ ಹಿಡಿದ. ತಗಡು ಕೆಂಪೇರಿತು. ಕಟ್ಟರಿನ ಲಿವರ್ ಒತ್ತಿದ. ಕಿಡಿಗಳು ಝರಿಯಂತೆ ಸುರಿದವು, ತಗಡು ಸೀಳಿಕೊಂಡಿತು.

"ಭಲೇ!" ಎಂದ ಗಾಂಚೊ. "ನೇರಕ್ಕೆ ಹೋಗೋ!"

ನೇರಕ್ಕೆ ಹೋಗಲಿಲ್ಲ; ಗೀರು ಕುಡುಕನ ನಡಿಗೆಯಂತೆ ಅತ್ತಿತ್ತ ಹೊರಳಿತು. ಹೇಗೂ ಚಾವಣಿ ದಾಟಿ, ಬಾಗಿಲ ಕಂಬ ದಾಟಿ, ತಳ ಮುಟ್ಟಿತು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಕಾರು ನರಳಿ ಎರಡು ಹೋಳಾಗಿ ಬಿತ್ತು. ಅದೇ ಗಳಿಗೆಗೆ ಆಕ್ಸಿಜನ್ನೂ ಮುಗಿಯಿತು. ಗುಜರಿಯವನು ಕೇಳಿದಷ್ಟು ಚಿಕ್ಕ ತುಂಡು ಮಾಡುವಂತಿರಲಿಲ್ಲ. ಆದರೂ ಎಲ್ಲ ಕಿಟಕಿಗಳಿಂದ ಜೈಕಾರ ಕೇಳಿಬಂತು. ಸ್ತಾಂಕಜ್ಜಿ ಕೂಡ ಸೌಟು ಕೆಳಗಿಟ್ಟಳು. ಮಸಿ ಮೆತ್ತಿದ ಮುಖದಲ್ಲಿ ಮೆತೋದಿಯ ಹಲ್ಲುಗಳು ಫಳಫಳ ಹೊಳೆದವು. ಈಗ ಬರಲಿ ರಾಯ್ನ, ಈಗ ನೋಡಲಿ!

ರಾಯ್ನ ಬಂದಳು. ನಗರಸಭೆಯ ದೊಡ್ಡ ಕ್ರೇನ್ ಲಾರಿಯಲ್ಲಿ, ಡ್ರೈವರನ ಪಕ್ಕದ ಸೀಟಿನಲ್ಲಿ ರಾಣಿಯಂತೆ ಕೂತು ಬಂದಳು. ಬೆಳಗಿನಿಂದ ಮೇಜು ಮೇಜು ಸುತ್ತಿ, ಕಾಡಿ, ಬೇಡಿ, ಅತ್ತು, ಬಿಟ್ಟಿ ಲಾರಿ ಹೊರಡಿಸಿಕೊಂಡು ಬಂದಿದ್ದಳು.

ಡ್ರೈವರ್ ಇಳಿದು ಸುತ್ತ ನೋಡಿದ. "ಎಲ್ಲಮ್ಮ ಕಾರು?"

"ಇದೇ," ಎಂದ ಮೆತೋದಿ ಹೆಮ್ಮೆಯಿಂದ. "ಒಯ್ಯೋಕೆ ಸಲೀಸಾಗ್ಲಿ ಅಂತ ಕತ್ತರಿಸಿಟ್ಟಿದೀನಿ."

"ಕತ್ತರಿಸಿದ ಮೇಲೆ ಕಾರೆಲ್ಲಿ ಬಂತು ಸ್ವಾಮಿ? ಇದು ಗುಜರಿ ತಗಡು. ನಾವು ಕಾರು ಮಾತ್ರ ಎತ್ತೋದು. ತಗಡಿಗೆ ಬೇರೆ ಇಲಾಖೆ."

"ಅವರನ್ನೇ ಕರೀತೀವಿ ಬಿಡಿ!" ಎಂದ ಮೆತೋದಿ.

"ಕರೀರಿ. ಅವರ ಹತ್ರ ಲಾರಿ ಇಲ್ಲ."

ಲಾರಿ ಹಿಂದಕ್ಕೆ ಸರಿದು ಗೇಟು ದಾಟಿ ಹೋಯಿತು. ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು.

"ಬೆಸುಗೆ ಹಾಕಿ ಜೋಡಿಸಿಬಿಡೋ," ಎಂದು ಗೊಣಗಿದ ಗಾಂಚೊ, ರಾಯ್ನಳ ಮುಖ ಕಂಡು ಕುರ್ಚಿ ಎತ್ತಿಕೊಂಡು ಜಾಗ ಖಾಲಿ ಮಾಡಿದ.

ರಾಯ್ನ ಒಂದು ಹೋಳು ನೋಡಿದಳು, ಇನ್ನೊಂದು ಹೋಳು ನೋಡಿದಳು, ಆಮೇಲೆ ಗಂಡನನ್ನು ನೋಡಿದಳು. ಕೂಗಾಡಲಿಲ್ಲ. ಕೈಚೀಲದಿಂದ ಕರವಸ್ತ್ರ ತೆಗೆದು ಅವನ ಮೂಗಿನ ಮೇಲಿನ ಮಸಿ ಒರೆಸಿದಳು.

"ಏನೂ ಕೆಲಸ ಮಾಡದ ಗಂಡ ಅಂತ ಇಷ್ಟು ವರ್ಷ ಬೈದೆ ಕಣೋ," ಎಂದಳು. "ತಪ್ಪಾಯ್ತು. ಆಗ ಎಷ್ಟು ಒಳ್ಳೆ ಗಂಡ ಆಗಿದ್ದೆ ನೀನು!"