ಒಡೆದ ಬಲೂನು ಯಾರದು

ಪೀಠಿಕೆ ಎಂದೇ ಎಲ್ಲರೂ ಕರೆಯುವ ಹುಡುಗ ತನ್ನ ವರದಿಯನ್ನು ಬೆಂಚಿನ ಜೊತೆಗಾರನಿಗೆ ಕೊಟ್ಟದ್ದು ಬರೀ ನಮೂನೆ ನೋಡಲಿ ಎಂದು. ಜೊತೆಗಾರ ನೋಡಿದ. ಎಷ್ಟು ಚೆನ್ನಾಗಿ ನೋಡಿದನೆಂದರೆ ಒಂದು ಪದವೂ ತಪ್ಪಲಿಲ್ಲ.

ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಪೀಠಿಕೆಗೆ ಆ ಹೆಸರು ಸುಮ್ಮನೆ ಬಿದ್ದಿರಲಿಲ್ಲ. ಸುತ್ತು ಹಾಕದೆ ಅವನು ಕುಡಿಯುವ ನೀರನ್ನೂ ಕೇಳುತ್ತಿರಲಿಲ್ಲ.

ವರದಿ ಒಪ್ಪಿಸಿದ ಕೆಲವು ದಿನಕ್ಕೆ, ಒಂದು ಬೆಳಿಗ್ಗೆ ಮೇಡಂ ಇಬ್ಬರನ್ನೂ ಕರೆಸಿದರು. 'ನಾನು ಸೋತ ಪಾಠ' ಎಂಬ ಎರಡು ವರದಿಗಳು ಮೇಜಿನ ಮೇಲೆ ಅವಳಿ ಮಕ್ಕಳಂತೆ ಮಲಗಿದ್ದವು. ಗಾಳಿಗೆ ತೂಕವಿದೆ ಎಂದು ತೋರಿಸಲು ಎರಡರಲ್ಲೂ ಕೋಲಿನ ಎರಡು ತುದಿಗೆ ಬಲೂನು ಕಟ್ಟಲಾಗಿತ್ತು. ಎರಡರಲ್ಲೂ ಒಂದು ಬಲೂನು ಒಡೆದು, ಮಕ್ಕಳು ಬೆಂಚು ಹತ್ತಿ ಕುಣಿದಿದ್ದರು.

"ಯಾರು ಬರೆದದ್ದು?"

"ನಾನು," ಎಂದ ಜೊತೆಗಾರ, ಕಣ್ಣು ಮಿಟುಕಿಸದೆ.

"ಮೇಡಂ, ಮೊದಲನೆಯದಾಗಿ ಒಂದು ಮಾತು ಹೇಳೋದಾದ್ರೆ..." ಎಂದು ಪೀಠಿಕೆ ಶುರುಮಾಡಿದ.

"ಬರೆದವನಿಗೆ ಇಷ್ಟು ಯೋಚನೆ ಬೇಕಾಗಲ್ಲ ಕಣಪ್ಪ," ಎಂದು ಮೇಡಂ ತಡೆದರು.

ನಕಲು ಮಾಡಿದವರು ಆ ವರ್ಷವನ್ನು ಮತ್ತೆ ಮೊದಲಿಂದ ಓದಬೇಕು. ಅದು ಕಾಲೇಜಿನ ನಿಯಮ. ಇವರು ಪಾಠ ಮಾಡಿ ಕಲಿಯುವ ಪಕ್ಕದ ಶಾಲೆಯ ಮಕ್ಕಳನ್ನು ಮೇಡಂ ವಿಚಾರಿಸಿಯೂ ಆಗಿತ್ತು. ಬಲೂನು ಎಲ್ಲರಿಗೂ ನೆನಪಿತ್ತು, ಮೇಷ್ಟ್ರು ಯಾರಿಗೂ ನೆನಪಿರಲಿಲ್ಲ.

"ಮಧ್ಯಾಹ್ನ ಅದೇ ಮಕ್ಕಳ ಮುಂದೆ ಇಬ್ಬರೂ ಅದೇ ಪಾಠ ಮಾಡಿ," ಎಂದರು ಮೇಡಂ. "ವರದಿಯಲ್ಲಿರೋ ಸೋಲು ಯಾರದು ಅಂತ ನನಗೆ ಗೊತ್ತಾಗುತ್ತೆ."

ಪೀಠಿಕೆಗೆ ಮೈಮೇಲೆ ಇರುವೆ ಬಿಟ್ಟಂತಾಯಿತು. ಕೂತರೆ ನಿಲ್ಲಬೇಕು, ನಿಂತರೆ ನಡೆಯಬೇಕು. ತರಗತಿಯಲ್ಲಿ ಎಲ್ಲರಿಗಿಂತ ಹಿರಿಯಳಾಗಿ, ಎಲ್ಲರಿಗೂ ಬುದ್ಧಿ ಹೇಳುವ ಅಕ್ಕ ಅವನನ್ನು ವರಾಂಡದಲ್ಲಿ ತಡೆದು ನಿಲ್ಲಿಸಿದಳು.

"ಇದಕ್ಯಾಕೆ ಇಷ್ಟು ಒದ್ದಾಡ್ತೀಯ? ಇವತ್ತೊಂದಿನ ಕೆಟ್ಟದಾಗಿ ಪಾಠ ಮಾಡು. ನಿನಗೇನು ಹೊಸದಾ?"

"ಬೇಕೂಂತ ಕೆಡಿಸಿದ್ರೆ ಅದೂ ಮೋಸ ಅಲ್ವಾ ಅಕ್ಕ?"

"ನಿನ್ನ ಸೋಲನ್ನ ನೀನೇ ತೋರಿಸಿದ್ರೆ ಮೋಸ ಹೆಂಗಾಗುತ್ತೋ? ಒಂದು ಸೂಜಿ ಇಟ್ಕೋ. ಬಲೂನು ಒಡಿ. ಬಾಯಿ ಮಾತ್ರ ಬಿಡಬೇಡ, ವಿವರಿಸದಿದ್ರೆ ಪಾಠ ತಾನಾಗೇ ಕೆಡುತ್ತೆ."

ಮಧ್ಯಾಹ್ನ ಮೇಡಂ ಹಿಂದಿನ ಬೆಂಚಿನಲ್ಲಿ ಕೂತರು. ಪೀಠಿಕೆ ಕೋಲನ್ನು ದಾರದಿಂದ ತೂಗುಹಾಕಿದ, ಎರಡು ತುದಿಗೂ ಬಲೂನು ಕಟ್ಟಿದ, ಬಾಯಿಗೆ ಬೀಗ ಹಾಕಿಕೊಂಡು ನಿಂತ. ಪೀಠಿಕೆಯೇ ಇಲ್ಲದೆ ನಿಂತ ಮೇಷ್ಟ್ರನ್ನು ಕಂಡು ಮಕ್ಕಳಿಗೆ ಏನೋ ಭಾರಿ ವಿಷಯವಿರಬೇಕು ಎನ್ನಿಸಿತು. ತರಗತಿ ಗಪ್‌ಚುಪ್ಪಾಯಿತು. ಅವನು ಬೆವರುತ್ತ ಸೂಜಿ ಚುಚ್ಚಿದ.

ಢಬ್. ಯಾರೂ ಬೆಂಚು ಹತ್ತಲಿಲ್ಲ. ಎಲ್ಲರ ಕಣ್ಣೂ ಕೋಲಿನ ಮೇಲಿತ್ತು. ಅದು ಉಬ್ಬಿದ ಬಲೂನಿನ ಕಡೆಗೆ ಮೆಲ್ಲಗೆ ವಾಲಿತು.

ಮುಂದಿನ ಸಾಲಿನ ಹುಡುಗಿ ಎದ್ದುನಿಂತಳು. "ಸರ್, ಇದರ ಗಾಳಿ ಹೋಯ್ತು, ಹಗುರ ಆಯ್ತು. ಅಂದ್ರೆ ಗಾಳಿಗೆ ತೂಕ ಇದೆ."

ಪೀಠಿಕೆ ತಲೆಯ ಮೇಲೆ ಕೈಯಿಟ್ಟುಕೊಂಡ. ಮಕ್ಕಳು ಚಪ್ಪಾಳೆ ತಟ್ಟಿದರು.

ಆಮೇಲೆ ಜೊತೆಗಾರನ ಸರದಿ. ಅವನು ಬಾಯಿ ತೆರೆಯುವ ಮುಂಚೆಯೇ ಮಕ್ಕಳು "ಗೊತ್ತು ಸರ್, ತೂಕ ಇದೆ, ಬಲೂನು ನಮಗೆ ಕೊಡಿ" ಎಂದು ಮುತ್ತಿಕೊಂಡರು. ಗಾಬರಿಯಲ್ಲಿ ಒಂದು ಬಲೂನು ಅವನ ಕೈಯಲ್ಲೇ ಒಡೆಯಿತು. ಅರೆಗಳಿಗೆಯಲ್ಲಿ ಇಡೀ ತರಗತಿ ಬೆಂಚಿನ ಮೇಲಿತ್ತು. ಮೇಡಂ ವರದಿಯ ಸಾಲುಗಳ ಮೇಲೆ ಬೆರಳಿಟ್ಟು ಒಂದೊಂದಾಗಿ ಹೋಲಿಸಿ ನೋಡಿದರು.

"ಇದು ಇವನದೇ ವರದಿ. ಪಾಪ, ಇದ್ದದ್ದು ಇದ್ದ ಹಾಗೆ ಬರೆದಿದ್ದಾನೆ," ಎಂದರು ಜೊತೆಗಾರನನ್ನು ತೋರಿಸಿ. ಪೀಠಿಕೆಯ ಕಡೆ ತಿರುಗಿದರು. "ಇಷ್ಟು ಚೆನ್ನಾಗಿ ಪಾಠ ಮಾಡೋನಿಗೆ ಬೇರೆಯವರ ಸೋಲನ್ನ ಕದಿಯೋ ದುರ್ಗತಿ ಯಾಕೆ ಬಂತೋ?"

"ಇಲ್ಲ ಮೇಡಂ, ಸೋಲೋಕೇ ಅಂತ ನಾನು ಬೇಕೂಂತ ಸೂಜಿ..." ಜೀವಮಾನದಲ್ಲಿ ಮೊದಲ ಸಲ ಅವನು ನೇರವಾಗಿ ವಿಷಯಕ್ಕೆ ಬಂದಿದ್ದ.

"ಓಹೋ. ನಕಲಲ್ಲದೆ ನನ್ನ ಪರೀಕ್ಷೇಲೂ ಮೋಸವೋ?"

ಅಷ್ಟರಲ್ಲಿ ಆ ಹುಡುಗಿ ಬಂದು ಅವನ ತೋಳು ಜಗ್ಗಿದಳು. "ಸರ್, ನಾಳೆನೂ ನೀವೇ ಬರ್ತೀರಾ?"

ಮೇಡಂ ಕನ್ನಡಕ ಮಡಚಿದರು. "ನಾಳೆ ಒಂದೇ ಅಲ್ಲ ಪುಟ್ಟಿ, ಮುಂದಿನ ವರ್ಷ ಪೂರ್ತಿ ಇವರೇ ಬರ್ತಾರೆ."