ಸುಂದರೇಶ ಮಾಡಿಸಿದ ರೂಲು

ಬೆಳಗ್ಗೆ ಮಿನ್ನು ಸೀನಿದಳು. ಸುಂದರೇಶ ಮಗಳ ಹಣೆ ಮುಟ್ಟಿದ, ಬಿಸಿ. ತನ್ನ ಹಣೆಯನ್ನೂ ಮುಟ್ಟಿಕೊಂಡ, ಅದೂ ಬಿಸಿ. ಅನುಮಾನ ತೀರದೆ ಥರ್ಮಾಮೀಟರ್ ಇಟ್ಟ. ಮಗುವಿಗೆ ಜ್ವರವೇ.

ಇನ್ನು ನರ್ಸರಿಗೆ ಕಳಿಸುವಂತಿರಲಿಲ್ಲ. ಹುಷಾರಿಲ್ಲದ ಮಕ್ಕಳನ್ನು ಒಳಗೆ ಬಿಡಬಾರದೆಂದು ಪೋಷಕರ ಸಭೆಯಲ್ಲಿ ಎದ್ದು ನಿಂತು ರೂಲು ಮಾಡಿಸಿದವನೇ ಅವನು. ಅದಕ್ಕೊಂದು ಬಾಲವನ್ನೂ ಸೇರಿಸಿದ್ದ. ಚಪ್ಪಾಳೆಯ ಸದ್ದಿನಲ್ಲಿ ಅದು ಯಾರಿಗೂ ಸರಿಯಾಗಿ ಕೇಳಿಸಿರಲಿಲ್ಲ.

ಹೆಂಡತಿ ಹೇಮಶ್ರೀ ಟ್ರೈನಿಂಗಿಗೆಂದು ಹಾಸನಕ್ಕೆ ಹೋಗಿದ್ದಳು. ಅಂಜುತ್ತಲೇ ಬಟ್ಟೆ ಅಂಗಡಿಯ ಧಣಿ ಬಿಂದುಮಾಧವರಾಯರಿಗೆ ಫೋನ್ ಮಾಡಿ ರಜೆ ಕೇಳಿದ.

"ಇವತ್ತು ಸರಿ ಕಣಯ್ಯ. ನಾಳೆ ಬರ್ದಿದ್ರೆ ರೇಷ್ಮೆ ಸೀರೆ ಕೌಂಟರು ಶಿವಶಂಕರನ ಪಾಲು."

ವರ್ಷಗಟ್ಟಲೆ ಟವೆಲ್ಲು, ಲುಂಗಿ ಮಡಚಿದ ಮೇಲೆ ಹೋದ ವಾರವಷ್ಟೇ ಸಿಕ್ಕಿದ್ದ ಕೌಂಟರು ಅದು.

ಗಂಜಿಗಿಡುವಷ್ಟರಲ್ಲಿ ಪಕ್ಕದ ಮನೆಯ ಮುದ್ದಮ್ಮ ಮೊಮ್ಮಗನ ಸಮೇತ ಬಾಗಿಲಲ್ಲಿದ್ದಳು. ಹುಡುಗನ ಮೂಗು ವಾಷರ್ ಹೋದ ನಲ್ಲಿಯಂತೆ ಸೋರುತ್ತಿತ್ತು.

"ನಿನ್ ರೂಲಂತೆ ಕಣಪ್ಪ, ಗೇಟಲ್ಲೇ ವಾಪಸ್ ಕಳ್ಸ್‌ಬುಟ್ರು. ನಂಗೆ ಸಂಘದ ಮೀಟಿಂಗೈತೆ. ನೀನೆಂಗೂ ಮನೇಲೇ ಇದ್ದೀಯಲ್ಲ!"

ರೂಲು ಅವನದೇ. ಹುಡುಗನ ಮೂಗೊರೆಸಿ ಒಳಗೆ ಕರೆದುಕೊಂಡ.

ಹಿಂದೆಯೇ ಆಟೋ ಮಂಟಯ್ಯ ಕೆಮ್ಮುವ ಅವಳಿಜವಳಿ ಹೆಣ್ಣುಮಕ್ಕಳನ್ನು ಇಳಿಸಿದ. "ರೂಲೇನೋ ಒಳ್ಳೇದೇ ಸಾ. ಆದ್ರೆ ನಾನು ಆಟೋ ಬುಟ್ಟು ಮನೇಲಿ ಕೂತ್ರೆ ಎಂಗೆ?"

ಸುಂದರೇಶ ಅವರನ್ನೂ ಒಳಗೆ ಕೂರಿಸಿದ. ಹುಷಾರಿಲ್ಲದ ಮಗು ಎಲ್ಲಿರಬಾರದೆಂದು ಸಭೆಯಲ್ಲಿ ಅಷ್ಟು ಹೊತ್ತು ಮಾತಾಡಿದ್ದ. ಎಲ್ಲಿರಬೇಕೆಂದು ಯೋಚಿಸಿರಲೇ ಇಲ್ಲ.

ಆಮೇಲೆ ಬಂದವರು ನರ್ಸರಿಯ ಭಾಗ್ಯ ಮಿಸ್. ಜೊತೆಗೆ ಜ್ವರದಲ್ಲಿದ್ದ ಅವರ ಮಗಳು. "ರೂಲು ನನ್ ಮಗೂಗೂ ಒಂದೇ ಅಲ್ವಾ ಸಾರ್? ಸಂಜೆ ಬಂದ್ಬಿಡ್ತೀನಿ."

ಒಬ್ಬರ ಜ್ವರ ಒಬ್ಬರಿಗೆ ತಗಲದಿರಲೆಂದು ಸುಂದರೇಶ ಮೂಲೆಗೊಂದು ಚಾಪೆ ಹಾಸಿ, ನಡುವೆ ಕುರ್ಚಿಗಳ ಬೇಲಿ ಹಾಕಿದ. ಮಕ್ಕಳು ಕುರ್ಚಿಗಳನ್ನೇ ಜೋಡಿಸಿ ಚಾಮುಂಡಿ ಎಕ್ಸ್‌ಪ್ರೆಸ್ ಮಾಡಿಕೊಂಡು ಅಂಟಿ ಕೂತರು. ಗಾರ್ಡಿಗೆಂದು ಇದ್ದದ್ದು ಒಂದೇ ಪೀಪಿ. ಅದು ಎಲ್ಲರ ಬಾಯಿಯನ್ನೂ ಸುತ್ತಿ ಬಂತು. ತೊಳೆದು ತೊಳೆದು ಸುಂದರೇಶನ ಕೈ ನೆರಿಗೆಗಟ್ಟಿತು.

ಸಂಜೆಯ ಹೊತ್ತಿಗೆ ಮಿನ್ನುವಿನ ಜ್ವರ ಪೂರ್ತಿ ಇಳಿದಿತ್ತು. ಎರಡು ಸಲ ಥರ್ಮಾಮೀಟರ್ ಇಟ್ಟು ಖಾತ್ರಿ ಮಾಡಿಕೊಂಡ. ಕೌಂಟರು ಉಳಿಯಿತು!

ಮಗಳನ್ನು ಕರೆದೊಯ್ಯಲು ಬಂದ ಭಾಗ್ಯ ಮಿಸ್‌ಗೆ ಹಿಗ್ಗಿನಿಂದ ಹೇಳಿದ: "ನಾಳೆ ಮಿನ್ನು ಬರ್ತಾಳೆ ಮಿಸ್. ಜ್ವರ ಬಿಟ್ಟಿದೆ."

ಮಿಸ್ ಕುರ್ಚಿ ರೈಲಿನ ಕಡೆ ನೋಡಿದರು.

"ಅವಳ್ದೇನೋ ಬಿಟ್ಟಿದೆ ಸಾರ್. ಆದ್ರೆ ಇಡೀ ದಿನ ಜ್ವರದ ಮಕ್ಕಳ ಜೊತೆ ಇದ್ಲಲ್ಲ. ಅಂಥವ್ರನ್ನೂ ವಾರ ಪೂರ್ತಿ ಸೇರಿಸ್ಬಾರ್ದು ಅಂತ ಕೊನೇಲಿ ನೀವೇ ಅಲ್ವಾ ಬರೆಸಿದ್ದು? ಬೇರೆ ಯಾರಿಗೂ ಕೇಳಿಸ್ಲಿಲ್ಲ. ನಾನು ಬರ್ಕೊಂಡೆ."

ಸುಂದರೇಶ ಫೋನೆತ್ತಿ ರಾಯರ ನಂಬರು ಹುಡುಕತೊಡಗಿದ. ಕಾಂಪೌಂಡಿನ ಆಚೆಯಿಂದ ಮುದ್ದಮ್ಮನ ದನಿ ಕೇಳಿತು.

"ವಾರಪೂರ್ತಿ ಮನೇಲೇ ಇರ್ತೀಯಾ ಮಗಾ? ಒಳ್ಳೇದಾಯ್ತು ಬುಡು! ನಾಳೆ ಇವನ್ನ ಬೇಗ್ನೇ ತಂದ್ ಬುಡ್ತೀನಿ."