ಗಿಡ್ಡ ಕಾರು, ಉದ್ದ ನಾನು, ಅತ್ತೆಯ ತೆಂಗಿನಕಾಯಿ

ಇಲ್ಲಿ ಹೇಳುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ದಿನಚರಿ ಬರೆಯುವ ಚಟ ನನಗೆ ಕಾಲೇಜಿನಿಂದಲೂ ಇದೆ. ಆದರೆ ಬರೆದದ್ದನ್ನು ತಿರುಗಿ ಓದಿದಾಗಲೆಲ್ಲ ಒಂದು ಸಂಶಯ ಕಾಡುತ್ತದೆ: ಪ್ರತಿ ಪುಟದಲ್ಲೂ ನಾನೇ ಸರಿ, ಉಳಿದವರೆಲ್ಲ ತಪ್ಪು, ಇದು ಹೇಗೆ ಸಾಧ್ಯ? ನನ್ನ ನೆನಪು ಯಾವಾಗಲೂ ನನ್ನ ಕಡೆಗೇ ಸಾಕ್ಷಿ ಹೇಳುತ್ತದೆ. ಮದುವೆಯ ದಿನ ಮಾಲೆ ಹಾಕಿಸಿಕೊಳ್ಳಲು ನಾನು ತಲೆ ಬಗ್ಗಿಸಲಿಲ್ಲ, ನನ್ನವರೇ ತುದಿಗಾಲ ಮೇಲೆ ನಿಂತರು ಎಂದು ನನ್ನ ನೆನಪು. ನಾನು ಬಗ್ಗದೆ ಇದ್ದದ್ದಕ್ಕೆ ಅವರ ಗೆಳೆಯರು ಅವರನ್ನು ಮೂಟೆಯ ಹಾಗೆ ಎತ್ತಿ ಹಿಡಿಯಬೇಕಾಯಿತು ಎಂದು ಅತ್ತೆಯ ವಾದ. ಫೋಟೋದಲ್ಲಿ ನನ್ನವರ ಕಾಲು ಬಂದಿಲ್ಲ. ಹೀಗಾಗಿ ಆ ಪ್ರಕರಣ ಇನ್ನೂ ಇತ್ಯರ್ಥವಾಗಿಲ್ಲ.

ಅತ್ತೆ ಎಂದರೆ ಗಂಡನ ತಾಯಿಯಲ್ಲ; ಗಜೇಂದ್ರಗಡದಲ್ಲಿರುವ ನನ್ನ ಸೋದರಮಾವನ ಹೆಂಡತಿ. ಮಾವ ಜೀವನವಿಡೀ ಅರಿವೆ ಅಂಗಡಿಯ ಗಲ್ಲೆಯ ಮುಂದೆ ಕಾಲು ಮಡಚಿ ಕೂತವರು. ಕಾಲು ಚಾಚುವ ವಯಸ್ಸು ಬಂದಾಗ, ಯಾರಿಗೂ ಹೇಳದೆ ಹುಬ್ಬಳ್ಳಿಯಿಂದ ಒಂದು ಹಳೆಯ ಕೆಂಪು ಸ್ಪೋರ್ಟ್ಸ್ ಕಾರು ತಂದರು. ಎರಡೇ ಬಾಗಿಲು, ಎರಡೇ ಸೀಟು, ಎತ್ತರ ನನ್ನ ಸೊಂಟದಷ್ಟು. "ಅದೇನ್ ಗಾಡಿ? ಕೆಂಪ್ ಚಪ್ಪಲಿ ಇದ್ದಂಗ ಐತಿ. ಹೊರಗ ಬಿಡ್ರಿ ಅದನ್ನ," ಎಂದು ಅತ್ತೆ ಮೊದಲ ದಿನವೇ ತೀರ್ಪು ಕೊಟ್ಟಿದ್ದಳು. ಆಮೇಲೆ ಮಾವನ ಸೊಂಟ ಹಿಡಿಯಿತು. ಅಷ್ಟು ತಗ್ಗಿನಲ್ಲಿ ಕೂರಬಾರದೆಂದು ಡಾಕ್ಟರು ಹೇಳಿದರು. ಕಾರು ಮನೆತನದಲ್ಲೇ ಇರಲಿ ಎಂದು ಮಾವನ ಆಸೆ. ಅದಕ್ಕೆ ಆಕಾಂಕ್ಷಿಗಳು ಇಬ್ಬರು: ನರಗುಂದದಿಂದ ನಾನು, ರೋಣದಿಂದ ಗುರಣ್ಣ. ಗುರಣ್ಣ ಅತ್ತೆಯ ತಮ್ಮ, ರೋಣದಲ್ಲಿ ಪೇಂಟಿನ ಅಂಗಡಿ ಇಟ್ಟಿದ್ದಾನೆ. ಆಸಾಮಿ ನನ್ನ ಭುಜದವರೆಗೆ ಬರುತ್ತಾನೆ. ಅಂದಿನಿಂದ ಅತ್ತೆ ಆ ಗಾಡಿಯನ್ನು ಚಪ್ಪಲಿ ಎನ್ನುವುದನ್ನು ಬಿಟ್ಟಳು. ನನ್ನ ಸಂಶಯ ಶುರುವಾದದ್ದು ಅಲ್ಲಿಂದ.

ಆ ಕಾರು ನನಗೆ ಯಾಕೆ ಬೇಕಿತ್ತು ಎಂದು ಕೇಳಿದರೆ ನೆಟ್ಟಗೆ ಉತ್ತರವಿಲ್ಲ. ಶಾಲೆಯಲ್ಲಿ ಸದಾ ಸಾಲಿನ ಕೊನೆಗೆ ನಿಂತವಳು, ಮನೆಯಲ್ಲಿ ಜೇಡರ ಬಲೆ ತೆಗೆಯುವ ಕೆಲಸ ಹುಟ್ಟಿನಿಂದಲೇ ಪಡೆದವಳು ನಾನು. ಒಮ್ಮೆಯಾದರೂ ಜಗತ್ತು ನನ್ನನ್ನು 'ಉದ್ದ' ಎನ್ನದೆ 'ಜೋರ್' ಎನ್ನಲಿ ಎಂಬ ಆಸೆ ಇತ್ತೇನೋ.

ಮಾವ ನ್ಯಾಯವಂತರು. "ನೋಡವಾ, ಹೆಣ್ಮಗಳು ಅಂತ ಅಲ್ಲ, ಉದ್ದ ಅದೀ ಅಂತ ಹೇಳಾಕತ್ತೀನಿ. ಇಲ್ಲಿಂದ ನರಗುಂದಕ್ಕ ನೀನ ಓಡಿಸ್ಕೊಂಡು ಹೋಗು. ಮನಿ ಮುಟ್ಟಿದ್ರ ಗಾಡಿ ನಿಂದು. ನಡುವ ಇಳದ್ರ ಗುರಣ್ಣಂದು," ಎಂದರು.

ಮೊದಲು ಕಾಲು ಹಾಕಿದೆ, ತಲೆ ಹೊರಗುಳಿಯಿತು. ತಲೆ ಹಾಕಿದೆ, ಮೊಣಕಾಲು ಹೊರಗುಳಿಯಿತು. ಕೊನೆಗೆ ಎರಡನ್ನೂ ಒಪ್ಪಿಸಿ ಒಳಗೆ ತೂರಿಕೊಂಡು, ಸೀಟನ್ನು ಹಿಂದೆ ಹೋಗುವಷ್ಟೂ ನೂಕಿದೆ. ನೆಟ್ಟಗೆ ಕೂತರೆ ತುರುಬು ಚಾವಣಿಗೆ ಒತ್ತುತ್ತಿತ್ತು. ಒರಗಿದರೆ ದವಾಖಾನೆಯ ಮಂಚದ ಮೇಲಿದ್ದಂತಾಗುತ್ತಿತ್ತು. ಎಡ ಮೊಣಕಾಲು ಗೇರಿಗೆ, ಬಲದ್ದು ಬಾಗಿಲಿಗೆ. ಸ್ಟೇರಿಂಗಿಗೂ ತೊಡೆಗೂ ನಡುವೆ ಅಂಗೈಯಷ್ಟು ಜಾಗವಿತ್ತು.

"ಸಿಗ್ನಲ್ ಕಾಣತೈತೇನು?" ಎಂದರು ಮಾವ, ಬಗ್ಗಿ.

"ನಮ್ಮ ದಾರ್‍ಯಾಗ ಸಿಗ್ನಲ್ ಎಲ್ಲಿ ಐತಿ ಮಾಮಾ? ಭಾಳ ಆರಾಮ ಐತಿ," ಎಂದೆ. ಅತ್ತೆ ಹೊಸ್ತಿಲಲ್ಲಿ ನಿಂತು ನನ್ನ ಮುಖ ನೋಡಲಿಲ್ಲ, ಆ ಅಂಗೈಯಷ್ಟು ಜಾಗವನ್ನೇ ನೋಡುತ್ತಿದ್ದಳು. ನೋಡಿ, "ಉಡಿ ತುಂಬಿಸ್ಕೊಳ್ಳದ ಹೊಂಟೀಯೇನು? ಇಳಿ, ಇಳಿ," ಎಂದಳು.

ಹೆಣ್ಣುಮಗಳು ಮನೆಯಿಂದ ಹೊರಟಾಗ ಉಡಿ ತುಂಬದೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಸೆರಗಿನಲ್ಲಿ ಅಕ್ಕಿ, ಕುಪ್ಪಸದ ಬಟ್ಟೆ, ಎಲೆ, ಅಡಿಕೆ, ಬಾಳೆಹಣ್ಣು ಹಾಕುತ್ತಾರೆ. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಿ ಮನೆದೇವರ ಮುಂದೆಯೇ ಬಿಚ್ಚಬೇಕು. ಇವುಗಳ ಜೊತೆಗೆ ಅತ್ತೆ ಸಾಮಾನ್ಯವಾಗಿ ಒಣಕೊಬ್ಬರಿಯ ಬಟ್ಟಲು ಹಾಕುತ್ತಾಳೆ. ಅವತ್ತು ಹಾಕಿದ್ದು ಇಡೀ ತೆಂಗಿನಕಾಯಿ, ಜುಟ್ಟಿನ ಸಮೇತ. ಅಥವಾ ಯಾವಾಗಲೂ ಕಾಯನ್ನೇ ಹಾಕುತ್ತಿದ್ದಳೋ? ಬಸ್ಸಿನಲ್ಲಿ ಹೋಗುವವಳಿಗೆ ಉಡಿಯಲ್ಲಿ ಕೊಬ್ಬರಿ ಇದ್ದರೇನು, ಕಾಯಿ ಇದ್ದರೇನು, ಯಾರು ನೋಡುತ್ತಾರೆ? "ದಾರ್‍ಯಾಗ ಬಿಚ್ಚಬ್ಯಾಡ ಮತ್ತ," ಎಂದಳು ಅತ್ತೆ. ಎಂದಿನ ಮಾತೇ. ಆದರೆ ಅವತ್ತು ಎರಡು ಸಲ ಹೇಳಿದಳು.

ಸೂಡಿಯ ಕ್ರಾಸಿನವರೆಗೂ ತೊಂದರೆಯಿಲ್ಲ. ಹಂಪು ಬಂದಾಗಲೆಲ್ಲ ತಲೆ ಚಾವಣಿಗೆ ನಮಸ್ಕಾರ ಮಾಡುತ್ತಿತ್ತು, ಅಷ್ಟೇ. ನೆಟ್ಟನೆಯ ದಾರಿಯಲ್ಲಿ ಸ್ಟೇರಿಂಗನ್ನು ಹೆಚ್ಚು ತಿರುಗಿಸುವ ಕೆಲಸವಿರುವುದಿಲ್ಲ. ಕೆಲಸ ಬಿದ್ದದ್ದು ರೋಣದಲ್ಲಿ, ನರಗುಂದದ ಕಡೆ ಹೊರಳುವ ತಿರುವಿನಲ್ಲಿ. ಸ್ಟೇರಿಂಗು ಅರ್ಧ ತಿರುಗಿ ನಿಂತಿತು. ಕಾಯಿ ಸ್ಟೇರಿಂಗಿಗೂ ತೊಡೆಗೂ ನಡುವೆ ಬೆಣೆಯ ಹಾಗೆ ಕೂತಿತ್ತು. ಬ್ರೇಕ್ ಒತ್ತಿದೆ. ಕಾರು ಮೆಲ್ಲಗೆ ಉರುಳಿ, ಮೂಲೆಯ ಅಂಗಡಿಯೊಂದರ ಮೆಟ್ಟಿಲಿಗೆ ಮೂತಿ ಹಚ್ಚಿ ನಿಂತಿತು. ತಲೆಯೆತ್ತಿದರೆ ಸಾಲಾಗಿ ಪೇಂಟಿನ ಡಬ್ಬಿಗಳು. ಅವುಗಳ ನಡುವೆ ಗುರಣ್ಣ.

"ಬರ್‍ರಿ ಬರ್‍ರಿ ಅಕ್ಕಾರ! ಚಾ ಆಗೇತಿ. ನೀವು ಈ ಕಡಿ ಬರ್ತೀರಿ ಅಂತ ನಮ್ಮಕ್ಕ ಫೋನ್ ಮಾಡಿದ್ಲು."

ದಾರಿಯಲ್ಲಿ ಹೋಗುವವಳನ್ನು ಕರೆದು ಚಹಾ ಕೊಡು ಎಂದು ಅತ್ತೆ ಹೇಳಿರಬಹುದು, ಒಳ್ಳೆಯ ಮನಸ್ಸು. ಅಥವಾ ಇಲ್ಲೇ ನಿಲ್ಲುತ್ತಾಳೆ, ತಯಾರಿರು ಎಂದಿರಬಹುದು. ಚಹಾಕ್ಕೆ ಶುಂಠಿ ಕೂಡ ಹಾಕಿದ್ದ. ಸಂಶಯಕ್ಕೆ ಇನ್ನೇನು ಬೇಕು?

ಕಾಯಿ ಬಿಡಿಸಬೇಕೆಂದರೆ ಇಳಿಯಬೇಕು. ಎರಡೂ ಕೈ ಉಡಿ ಹಿಡಿದಿದ್ದರೆ ಇಳಿಯಲು ಮೂರನೆಯ ಕೈ ಎಲ್ಲಿಂದ ಬರಬೇಕು? ಬಸ್ಸಿಗೆ ಕಾಯುತ್ತಿದ್ದ ಇಬ್ಬರು ಹೆಂಗಸರು ಬಂದು ಒಂದೊಂದು ರಟ್ಟೆ ಹಿಡಿದು ಜಗ್ಗಿದರು. "ಒಳಗ ಹೋಗೂದೇನೋ ಹೋದಿ. ಹೊರಗ ಬರೂ ವಿಚಾರ ಮಾಡಿದ್ದಿಲ್ಲೇನವಾ?" ಎಂದಳು ಒಬ್ಬಳು. "ಇದ್ರಾಗ ಹ್ಯಾಂಗ ಹೊಕ್ಕಿದ್ದೀತು ಈ ಜೀವ!" ಎಂದಳು ಇನ್ನೊಬ್ಬಳು.

ನೆಲಕ್ಕೆ ಕಾಲಿಟ್ಟೆ, ಮಾವನ ಶರತ್ತಿನಂತೆ ಸೋತೆ. ಗುರಣ್ಣ ಬೀಗದ ಕೈ ಇಸಿದುಕೊಂಡು ಗೂಡು ಹೊಕ್ಕ ಗುಬ್ಬಿಯಂತೆ ಒಳಗೆ ಕೂತು, ಸೀಟನ್ನು ಮುಂದಕ್ಕೆ ಎಳೆದುಕೊಂಡು, "ಖರೇ ಭಾಳ ಆರಾಮ ಐತ್ರಿ ಅಕ್ಕಾರ," ಎಂದ. ನಾನು ಗಜೇಂದ್ರಗಡದಲ್ಲಿ ಹೇಳಿದ್ದ ಮಾತೇ. ಅವನು ಸುಳ್ಳು ಹೇಳುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಉಡಿ ಹಿಡಿದುಕೊಂಡು ನರಗುಂದದ ಬಸ್ಸು ಹತ್ತಿದೆ. ಅಲ್ಲೂ ಮೊಣಕಾಲು ಮುಂದಿನ ಸೀಟಿಗೆ ಒತ್ತಿತು. ಅಲ್ಲಿ ಕೂತಿದ್ದ ಹಿರಿಯರು ಹಿಂದಕ್ಕೆ ಹೊರಳಿ, "ಯವ್ವಾ, ನಾ ಇಳಿಯೂದು ಇನ್ನಾ ದೂರ ಐತಿ, ಈಗ ನೂಕಬ್ಯಾಡ," ಎಂದರು. ಮನೆಗೆ ಹೋಗಿ ದೇವರ ಮುಂದೆ ಉಡಿ ಬಿಚ್ಚಿ ನಡೆದದ್ದನ್ನೆಲ್ಲ ಹೇಳಿದೆ. ನನ್ನವರು ಎಲ್ಲ ಕೇಳಿ ಒಂದೇ ಮಾತು ಅಂದರು: "ಬಾಜೂ ಸೀಟು ಖಾಲಿ ಇತ್ತಲ್ಲ. ಕಾಯಿ ಅಲ್ಲಿ ಇಡಬಾರದಿತ್ತೇನು?"

ಹೌದಲ್ಲ! ಕಾಲೇಜಿನಲ್ಲಿ ಹುಡುಗರಿಗೆ ಪ್ರಶ್ನಿಸದೆ ಏನನ್ನೂ ಒಪ್ಪಬೇಡಿ ಎಂದು ಪಾಠ ಹೇಳುವವಳು ನಾನು. ದಾರಿಯಲ್ಲಿ ಬಿಚ್ಚಬಾರದು ಎಂಬ ಮಾತಿಗೆ ಅಷ್ಟು ನಿಷ್ಠೆ ಎಲ್ಲಿಂದ ಬಂತು? ಈಗೀಗ ಅತ್ತೆಯ ಮೇಲಿನ ಸಂಶಯ ಸ್ವಲ್ಪ ಸವೆದು, ನನ್ನ ಮೇಲೆ ಹೊಸದೊಂದು ಚಿಗುರಿದೆ. ಕಾಯನ್ನು ಪಕ್ಕದ ಸೀಟಿನಲ್ಲಿಟ್ಟಿದ್ದರೆ, ಆ ಕಾರಿನಲ್ಲಿ ನಾನು ಹಿಡಿಸುತ್ತೇನೋ ಇಲ್ಲವೋ ಎಂಬುದು ನರಗುಂದ ಮುಟ್ಟುವುದರೊಳಗೆ ಗೊತ್ತಾಗಿಬಿಡುತ್ತಿತ್ತು. ಹೀಗಾದರೆ, 'ಕಾಯಿ ಒಂದು ಇರದಿದ್ದರೆ...' ಎಂದು ಜೀವಮಾನವಿಡೀ ಹೇಳಿಕೊಂಡು ತಿರುಗಬಹುದು. ತಿರುಗುತ್ತಿದ್ದೇನೆ ಕೂಡ.

ಮೊನ್ನೆ ಬಸ್ಸಿನಲ್ಲೇ ಗಜೇಂದ್ರಗಡಕ್ಕೆ ಹೋಗಿದ್ದೆ. ಹೊರಡುವಾಗ ಅತ್ತೆ ಉಡಿ ತುಂಬಿದಳು. ಈ ಸಲ ಕಣ್ಣಿಟ್ಟು ನೋಡಿದೆ: ಅಕ್ಕಿ, ಎಲೆ, ಅಡಿಕೆ, ಬಾಳೆಹಣ್ಣು, ಒಣಕೊಬ್ಬರಿಯ ಬಟ್ಟಲು. ಕಾಯಿ ಇಲ್ಲ! ಕುಂಕುಮ ಹಚ್ಚಲು ಅತ್ತೆ ಕೈಯೆತ್ತಿ, "ಬಗ್ಗು, ಹಣಿ ಸಿಗವಲ್ದು. ಇನ್ನಾ ಬಗ್ಗವಾ," ಎಂದಳು. ಬಗ್ಗಿದೆ. ಇಷ್ಟು ಬಗ್ಗಲು ಬರುತ್ತಿದ್ದರೆ ಆ ಕಾರಿನಲ್ಲಿ ಸುಖವಾಗಿ ಕೂರಬಹುದಿತ್ತಲ್ಲ ಎನ್ನಿಸುವಷ್ಟು ಬಗ್ಗಿ, ಅವಳ ಕಿವಿಯ ಹತ್ತಿರವೇ ಕೇಳಿದೆ:

"ಅತ್ತಿ, ಖರೇ ಹೇಳು, ಬಸ್ಸಿಗೆ ಕೊಬ್ಬರಿ ಹಾಕಾಕಿ, ಅವತ್ತ ಕಾರಿಗೆ ಕಾಯಿ ಯಾಕ ಹಾಕಿದಿ?"